ಮೂರನೇ ಸಲಕ್ಕೆ ಬಾಯ್ಲರ್ ಒತ್ತಡ ತಡೆಯಿತು

ನಾನು ಮನೆಯಲ್ಲಿ ಮಾಡುತ್ತಿರುವ ಪುಟ್ಟ ಹಬೆ ರೈಲು ಇಂಜಿನ್ನಿನ ಬಾಯ್ಲರಿಗೆ ನಿನ್ನೆ ಸಂಜೆ ನೀರಿನ ಒತ್ತಡದ ಪರೀಕ್ಷೆ. ಒತ್ತಡದ ಗೇಜಿನ ಮುಳ್ಳು 160 ಪಿಎಸ್‌ಐಗೆ ಹೋಗಿ ಅಲ್ಲೇ ನಿಂತಿತು. 20 ನಿಮಿಷ ನಾನು ಕೂತ ಜಾಗ ಬಿಟ್ಟು ಏಳಲಿಲ್ಲ. ಫೈರ್‌ಬಾಕ್ಸ್ ಅಂದರೆ ಬೆಂಕಿಗೂಡಿನ ತಳದಲ್ಲಿ ಒಳ-ಹೊರ ತಗಡುಗಳನ್ನು ಸೇರಿಸುವ ಫೌಂಡೇಶನ್ ರಿಂಗಿನ ನಾಲ್ಕೂ ಮೂಲೆಗೆ ಟಿಶ್ಯೂ ಒತ್ತಿ ನೋಡಿದೆ. ಒಣಗಿಯೇ ಇತ್ತು. ಎರಡೂವರೆ ತಿಂಗಳಿಂದ ಕಾಡಿದ ಲೀಕ್ ಹೋಗಿದೆ!

ಫ್ರೇಮ್, ಚಕ್ರ, ಸಿಲಿಂಡರ್ ಕಥೆ ಈ ಸಲ ಬೇಡ. ಮೂರೂವರೆ ಇಂಚು ಅಗಲದ ಹಳಿಯ ಟ್ಯಾಂಕ್ ಇಂಜಿನ್ (ನೀರಿನ ತೊಟ್ಟಿ ಇಂಜಿನ್ ಮೇಲೇ ಇರುವಂಥದ್ದು) ಕಂಪ್ರೆಸರ್ ಗಾಳಿಯಲ್ಲಿ ಚೆನ್ನಾಗಿ ಓಡುತ್ತಿದೆ. ಮುಚ್ಚಿದ ಮಿಲ್ಲಿನ ಗುಜರಿಯಲ್ಲಿ ಸಿಕ್ಕ ನನ್ನ ಹಳೇ ಲೇತ್ ಆ ಕೆಲಸ ಎಲ್ಲ ಮಾಡಿಕೊಟ್ಟಿತು. ದಾವಣಗೆರೆಯ ಹತ್ತಿ ಗಿರಣಿಗಳ ಕಾಲದ ಯಂತ್ರ ಅದು, ಇವತ್ತಿಗೂ ಅಲುಗಾಡಲ್ಲ. ತಕರಾರು ಇದ್ದದ್ದು ತಾಮ್ರದ ಬಾಯ್ಲರ್‌ದು ಮಾತ್ರ.

ಕೆಲಸದ ಒತ್ತಡ 80, ಹಾಗಾಗಿ ಪರೀಕ್ಷೆ ಅದರ ಎರಡರಷ್ಟು. ಮೊದಲ ಸಲ ನೀರು ತುಂಬಿ ಕೈಪಂಪ್ ಒತ್ತಿದಾಗ 40ಕ್ಕೇ ಎಡಗಡೆ ಹಿಂದಿನ ಮೂಲೆಯಲ್ಲಿ ನೀರಿನ ಗೆರೆ ಮೂಡಿತು. ಆ ಮೂಲೆಗೆ ಮಾತ್ರ ಟಾರ್ಚ್ ಹಿಡಿದು ಮತ್ತೆ ಬೆಸುಗೆ ಹಾಕಿದೆ. ಎರಡನೇ ಪರೀಕ್ಷೆಯಲ್ಲಿ ಆ ಮೂಲೆ ಸರಿಯಾಗಿತ್ತು, 110ಕ್ಕೆ ಬಲಗಡೆ ಮೂಲೆ ಜಿನುಗಿತು. ಆ ರಾತ್ರಿ ಊಟ ಸೇರಲಿಲ್ಲ.

ಮೊದಲು ಅನುಮಾನ ಬಂದದ್ದು ಸಂದಿಯ ಮೇಲೆ. ರಿಂಗನ್ನು ಬಿಗಿಯಾಗಿ ಬಡಿದು ಕೂರಿಸಿದ್ದೆ. ಬೆಸುಗೆ ಒಳಗೆ ಎಳೆದುಕೊಳ್ಳೋಕೆ 0.1 ಮಿ.ಮೀ. ಸಂದಿಯಾದರೂ ಬೇಕಲ್ವಾ. ಹಾಗಂತ ಬಿಚ್ಚಿ, ರಿಂಗಿನ ಪಕ್ಕಗಳಿಗೆ ಪಂಚ್‌ನಿಂದ ಚುಕ್ಕಿ ಹೊಡೆದು ಸಂದಿ ಮಾಡಿದೆ. ಬೆಸುಗೆ ಆಗಲೂ ಹೊರಗಿನ ತಗಡಿನ ಮೇಲೆ ಮಣಿಮಣಿಯಾಗಿ ನಿಂತಿತು, ಒಳಗೆ ಇಳಿಯಲಿಲ್ಲ.

ಆಗ ನಮ್ಮ ಬೀದಿಯ ಅಕ್ಕಸಾಲಿ ಅಜ್ಜನ ಹತ್ತಿರ ಹೋದೆ. ಅವರು ನನ್ನ ಬೆಳ್ಳಿ ಬೆಸುಗೆಯ ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿ, 'ತಮ್ಮಾ, ಇದು ಹಳದಿ ಜಾಸ್ತಿ ಐತಿ, ಬೆಳ್ಳಿ ಕಮ್ಮಿ' ಅಂದರು. ಪ್ಯಾಕೆಟ್ ಮೇಲೆ 45 ಪರ್ಸೆಂಟ್ ಬೆಳ್ಳಿ ಅಂತ ಬರೆದಿತ್ತು. 45ರ ಕಡ್ಡಿ 680 ಡಿಗ್ರಿಯೊಳಗೆ ಹರಿಯಬೇಕು. ಇದು ತಾಮ್ರ ಕಡುಗೆಂಪು ದಾಟಿ ಹೊಳೆಯುವ ಕೆಂಪಿಗೆ ಬರುವ ತನಕ ಅಲ್ಲಾಡುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಲೋಹಕ್ಕೆ ಕಿಲುಬು ಹತ್ತದ ಹಾಗೆ ಹಚ್ಚುವ ಫ್ಲಕ್ಸ್ ಸತ್ತೇ ಹೋಗಿರುತ್ತೆ. ಈ ಕಡ್ಡಿ ಮಾರಿದವರೇ ಹಿಂದೆ ಗನ್‌ಮೆಟಲ್ (ತಾಮ್ರಕ್ಕೆ ತವರ ಬೆರೆಸಿದ ಲೋಹ) ಕೇಳಿದರೆ ಹಿತ್ತಾಳೆ ಕಳಿಸಿದ್ದರು. ಬಾಯ್ಲರಿಗೆ ವಾಲ್ವ್, ಪೈಪು ತಿರುಗಿಸಿ ಕೂರಿಸುವ ಬುಷ್‌ಗೆ ಹಿತ್ತಾಳೆ ಹಾಕಿದರೆ ಬಿಸಿ ನೀರಲ್ಲಿ ಅದರ ಸತು ಕರಗಿ ಹೋಗಿ, ಉಳಿದದ್ದು ಬಿಸ್ಕತ್ತಿನ ಹಾಗೆ ಪುಡಿಯಾಗುತ್ತೆ. ಜೀವದ ಜೊತೆ ಆಟ ಇದು. ನನಗೆ ನಿಜವಾಗಿಯೂ ಸಿಟ್ಟು ಬಂದಿದೆ.

ಅಜ್ಜ ಹೇಳಿದ ಎರಡನೇ ಮಾತೇ ಕೆಲಸಕ್ಕೆ ಬಂದದ್ದು: 'ಬಿಸಿ ಎಲ್ಲಿ ಐತೋ ಬೆಸುಗೆ ಅಲ್ಲಿಗೆ ಓಡ್ತತಿ.' ನನ್ನ ರಿಂಗು 8 ಮಿ.ಮೀ. ದಪ್ಪದ ತಾಮ್ರ. ತಗಡು ಕೆಂಪಾದರೂ ರಿಂಗು ಇನ್ನೂ ತಣ್ಣಗೇ ಇರುತ್ತಿತ್ತು. ತಾಮ್ರ ಕಬ್ಬಿಣಕ್ಕಿಂತ ಸುಮಾರು 5 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತೆ. ನಾನು ಮೂಲೆಗೆ ಕೊಟ್ಟ ಬಿಸಿಯನ್ನೆಲ್ಲ ಇಡೀ ಬಾಯ್ಲರ್ ಹೀರಿ ಗಾಳಿಗೆ ಬಿಡುತ್ತಿತ್ತು. ಟಾರ್ಚ್ ದೊಡ್ಡದು ಮಾಡುವುದಕ್ಕಿಂತ ಬಿಸಿ ಹೊರಗೆ ಹೋಗದ ಹಾಗೆ ಕಟ್ಟಿಹಾಕಬೇಕಿತ್ತು.

ಅದಕ್ಕೆ ನಮ್ಮೂರಲ್ಲಿ ಬೇಕಾದಷ್ಟು ಸಾಮಾನಿದೆ. ಭದ್ರಾ ನಾಲೆಯ ಭತ್ತ, ಅಕ್ಕಿ ಗಿರಣಿ, ಗಿರಣಿಯ ಒಲೆಯಲ್ಲಿ ಉರಿದ ಉಮಿಯ ಬೂದಿ. ಉಮಿಯ ಬೂದಿ ಬಹುಪಾಲು ಸಿಲಿಕಾ. ಉಕ್ಕಿನ ಕಾರ್ಖಾನೆಗಳಲ್ಲಿ ಕರಗಿದ ಉಕ್ಕು ಆರದಿರಲಿ ಅಂತ ಇದನ್ನೇ ಮೇಲೆ ಹರಡುತ್ತಾರೆ. ಎರಡು ಚೀಲ ತಂದೆ. ಮಾಸ್ಕ್ ಹಾಕದೆ ಇದನ್ನು ಮುಟ್ಟಬೇಡಿ, ಈ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಅರ್ಧ ಕತ್ತರಿಸಿದ ಡ್ರಮ್ಮಿಗೆ ಬೂದಿ ಹಾಸಿ, ಬಾಯ್ಲರನ್ನು ತಲೆಕೆಳಗಾಗಿ ಇಟ್ಟೆ. ಸುತ್ತ ಸೆರಾಮಿಕ್ ಉಲ್ಲನ್, ಅದರ ಹೊರಗೆ ರಿಂಗಿನ ಮಟ್ಟದವರೆಗೂ ಬೂದಿ ತುಂಬಿದೆ. ಬೂದಿ ಬೆಸುಗೆಗೆ ಬಿದ್ದರೆ ಕೆಲಸ ಕೆಟ್ಟಿತು, ಅದಕ್ಕೇ ನಡುವೆ ಉಲ್ಲನ್. ಬೆಂಗಳೂರಿನ ಬೇರೆ ಅಂಗಡಿಯಿಂದ ತರಿಸಿದ ಕ್ಯಾಡ್ಮಿಯಂ ಇಲ್ಲದ 55 ಪರ್ಸೆಂಟ್ ಕಡ್ಡಿ 630ರಿಂದ 660ಕ್ಕೆ ಕರಗುತ್ತೆ. ಹಳೇ ಮೋಸದ ಕಡ್ಡಿಯಲ್ಲಿ ಮಾಡಿದ ಟ್ಯೂಬ್‌ಪ್ಲೇಟ್ (ಕೊಳವೆಗಳ ತುದಿ ಕೂರುವ ತಗಡು) ಬೆಸುಗೆಗಳಿಗೆ ಅದಕ್ಕಿಂತ ಹೆಚ್ಚು ಬಿಸಿ ಬೇಕು, ಹಾಗಾಗಿ ಅವು ಸಡಿಲವಾಗುವ ಭಯ ಇರಲಿಲ್ಲ. ಫ್ಲಕ್ಸ್ ಮುಗಿದಿತ್ತು ಅಂತ ಗ್ರಂಧಿಗೆ ಅಂಗಡಿಯ ಬಿಳಿಗಾರ ಹಾಕಲು ಹೋದವನು ನಿಲ್ಲಿಸಿದೆ. ಬಿಳಿಗಾರ ಪೂರಾ ಕರಗಲು 740ರ ಆಚೆ ಹೋಗಬೇಕು, ಈ ಕಡ್ಡಿಗೆ ಅದು ಆಗಲ್ಲ. ಫ್ಲಕ್ಸ್ ಬರುವ ತನಕ ಎಂಟು ದಿನ ಕಾದೆ.

ಕತ್ತಲಾದ ಮೇಲೆ ಶೆಡ್ಡಿನ ದೀಪ ಆರಿಸಿ ಶುರು ಮಾಡಿದೆವು. ಬಣ್ಣ ಕಾಣಬೇಕಲ್ವಾ. ನನ್ನ ಭಾಮೈದ ದೊಡ್ಡ ಬರ್ನರನ್ನು ಫೈರ್‌ಬಾಕ್ಸಿನ ಒಳಗಿನಿಂದ ಹಿಡಿದ, ನಾನು ಚಿಕ್ಕದನ್ನು ಹೊರಗೆ ಓಡಾಡಿಸಿದೆ. ಮೊದಲು 25 ನಿಮಿಷ ಕಾಯಿಸಿದರೂ ಬಾರದ ಬಣ್ಣ ಈ ಸಲ 9 ನಿಮಿಷಕ್ಕೆ ಬಂತು. ಬಿಳಿ ಫ್ಲಕ್ಸ್ ಗಾಜಿನ ಹಾಗೆ ತಿಳಿಯಾಯಿತು, ರಿಂಗು ಮಂದ ಕೆಂಪಾಯಿತು. ಕಡ್ಡಿ ಮುಟ್ಟಿಸಿದ್ದೇ ತಡ, ಬೆಳ್ಳಿಯ ಗೆರೆ ಸರ್ರನೆ ಸುತ್ತ ಓಡಿತು. ಭಾಮೈದ 'ಭಾವಾ, ಓಡ್ತು ಓಡ್ತು' ಅಂತ ಕೂಗಿದ. ಆ ಗೆರೆ ನೋಡುವ ಖುಷಿ ಮಾಡಿದವರಿಗೇ ಗೊತ್ತು.

ಅದು ಆರುವಷ್ಟರಲ್ಲಿ ಮುಂದಿನದರ ಲೆಕ್ಕ ಹಾಕಿಬಿಟ್ಟೆ. ನಮ್ಮ ರೈಲ್ವೆಯ ಹಳೇ ಮೀಟರ್ ಗೇಜಿನ ವೈಪಿ ಹಬೆ ಇಂಜಿನ್ನಿನ ಮಾದರಿ! 45 ಮಿ.ಮೀ. ಹಳಿ ಅಂದರೆ ಸುಮಾರು 1:22.5 ಅಳತೆ. 1372 ಮಿ.ಮೀ. ಚಾಲಕ ಚಕ್ರ 61 ಮಿ.ಮೀ. ಆಗುತ್ತೆ, ನನ್ನ ಲೇತಿಗೆ ಆರಾಮ. ಸ್ಪಿರಿಟ್ ಒಲೆ ಸಾಕು. ಮೈಸೂರಿನ ರೈಲು ಮ್ಯೂಸಿಯಂಗೆ ಹೋಗಿ ಹಳೇ ಇಂಜಿನ್‌ಗಳ ರಿವೆಟ್‌ಗಳ ಫೋಟೊ ತೆಗೆಯಬೇಕು. ಇರಲಿ, ಮೊದಲು ಇದು ಹಬೆಯಲ್ಲಿ ಓಡಲಿ.

ಬಾಯ್ಲರ್ ಪೂರ್ತಿ ಆರಿದ ಮೇಲೆ ಸಿಟ್ರಿಕ್ ಆಸಿಡ್ಡಿನಲ್ಲಿ ಒಂದು ರಾತ್ರಿ ಬಿಟ್ಟೆ. ನಿನ್ನೆ ಪರೀಕ್ಷೆಗೆ ಅಕ್ಕಸಾಲಿ ಅಜ್ಜನೂ ಬಂದಿದ್ದರು. ಮುಳ್ಳು ಅಲುಗಾಡದ್ದನ್ನು ನೋಡಿ, 'ಸೀಟಿ ನಾನೇ ಊದಿಸ್ತೀನಿ, ನೋಡು' ಅಂದರು. ಮುಂದಿನ ಭಾನುವಾರ ಸೇಫ್ಟಿ ವಾಲ್ವ್ 80ಕ್ಕೆ ಕೂರಿಸುವ ಮೊದಲೇ ಅಜ್ಜನ ಸೀಟಿ ಮಾಡುತ್ತೇನೆ. ಗನ್‌ಮೆಟಲ್ ಅಂತ ಕಳಿಸಿದ ಆ ಹಿತ್ತಾಳೆ ಕಂಬಿ ಅದಕ್ಕೆ ಸರಿಯಾಗುತ್ತೆ.