ಜತ್ತ ದಾರಿಯ ಚೆಕ್‌ಪೋಸ್ಟ್‌ನಲ್ಲಿ ಒಂದು ಹಗಲು ಪಾಳಿ

2023ರ ಮೇ 8, ಸೋಮವಾರ. ಸಂಜೆ 6ಕ್ಕೆ ಕರ್ನಾಟಕ ವಿಧಾನಸಭೆ ಚುನಾವಣೆಯ ಬಹಿರಂಗ ಪ್ರಚಾರ ಮುಗಿಯುವುದಿತ್ತು. ಮಹಾರಾಷ್ಟ್ರದ ಜತ್ತದಿಂದ ವಿಜಯಪುರ ಜಿಲ್ಲೆಯ ತಿಕೋಟಾಕ್ಕೆ ಬರುವ ದಾರಿಯಲ್ಲಿ, ಓಟಿಗಾಗಿ ಹಂಚುವ ರೊಕ್ಕ ಹಿಡಿಯುವ ತಂಡದಲ್ಲಿ ನಮ್ಮ ಪಾಳಿ. ಒಬ್ಬ ಮ್ಯಾಜಿಸ್ಟ್ರೇಟ್ ಅಧಿಕಾರಿ, ಮೂವರು ಪೊಲೀಸರು, ಒಬ್ಬ ವಿಡಿಯೊಗ್ರಾಫರ್. ಗಾಡಿ ನಿಂತ ಕೂಡಲೇ ಕ್ಯಾಮೆರಾ ಚಾಲೂ ಆಗಬೇಕು. ನಂಬರ್ ಪ್ಲೇಟ್, ಚಾಲಕನ ಮುಖ, ಚೀಲ ಬಿಚ್ಚಿದ್ದು, ಎಣಿಸಿದ್ದು ಎಲ್ಲ ಒಂದೇ ಓಟದಲ್ಲಿ ದಾಖಲಾಗಬೇಕು. ನಡುವೆ ನಿಂತರೆ, ‘ಇನ್ನೂ ಜಾಸ್ತಿ ಇತ್ತು’ ಎಂಬ ತಕರಾರಿಗೆ ಉತ್ತರವೇ ಇರುವುದಿಲ್ಲ.

ಹತ್ತರ ಸುಮಾರಿಗೆ ಬಂದ ಪಿಕಪ್‌ನಲ್ಲಿ, ಗೊಬ್ಬರದ ಚೀಲದೊಳಗೆ 1,86,000 ರೂಪಾಯಿ ಸಿಕ್ಕಿತು. ‘ತಾಸಗಾಂವ್ದಾಗ ಒಣದ್ರಾಕ್ಷಿ ಮಾರಿದ ರೊಕ್ಕರಿ ಸಾಹೇಬ್ರ, ಪಟ್ಟಿ ಐತ್ರಿ’ ಎಂದು ರೈತ ಅಂಗಿ ಕಿಸೆಯಿಂದ ಅಡತ್ (ದಲ್ಲಾಳಿ) ಅಂಗಡಿಯ ಪಟ್ಟಿ ತೆಗೆದ. ಬಾಕ್ಸು, ತೂಕ, ದರ, ಹಮಾಲಿ ಕಳೆದು ಉಳಿದ ಮೊತ್ತ ತಾಳೆಯಾಯಿತು. ‘ಹೋಗ್ರಿ ಯಜಮಾನ್ರ’ ಎಂದು ಬಿಟ್ಟೆವು.

50,000 ಮೀರಿದ ರೊಕ್ಕವೆಲ್ಲ ಜಪ್ತಿ ಎಂದು ಜನ ನಂಬಿದ್ದಾರೆ, ಎಷ್ಟೋ ಸಿಬ್ಬಂದಿಯೂ ನಂಬಿದ್ದಾರೆ. ಆ ಮಿತಿ ಇರುವುದು ಅಭ್ಯರ್ಥಿ, ಏಜೆಂಟ್ ಅಥವಾ ಕಾರ್ಯಕರ್ತರು ಇರುವ ಗಾಡಿಗೆ. 10 ಲಕ್ಷ ಮೀರಿದ್ದರೂ, ಚುನಾವಣೆಯ ನಂಟಿನ ಅನುಮಾನವಿಲ್ಲದಿದ್ದರೆ ಆದಾಯ ತೆರಿಗೆಯವರಿಗೆ ತಿಳಿಸಬೇಕು, ಅಷ್ಟೇ. ರೈತರ ಹಣ ಹಿಡಿದು ಜಪ್ತಿಯ ಲೆಕ್ಕ ಹೆಚ್ಚಿಸಿ ತೋರಿಸುವುದು ಅನ್ಯಾಯ. ಹಾಗೆ ಹಿಡಿದರೆ ರಸೀದಿ ಕೇಳಿ ಪಡೆಯಿರಿ. ಅದರಲ್ಲೇ ಮೇಲ್ಮನವಿಯ ದಾರಿ ಬರೆದಿರಬೇಕು. ಜಿಲ್ಲಾ ಪಂಚಾಯಿತಿ ಸಿಇಒ ಇರುವ ಮೂವರ ಸಮಿತಿ ಅದನ್ನು ನೋಡುತ್ತದೆ.

ಮಧ್ಯಾಹ್ನದ ಕಾರಿನಲ್ಲಿ ಸಿಕ್ಕಿದ್ದು 42,000 ಮಾತ್ರ, ಎಲ್ಲ 500ರ ನೋಟು. ಆದರೆ ಡ್ಯಾಶ್‌ಬೋರ್ಡಿನಲ್ಲಿ ಮತದಾರರ ಯಾದಿಯ ಆರು ಹಾಳೆ ಇದ್ದವು. ಒಂದೊಂದು ಮನೆಯ ಹೆಸರುಗಳಿಗೆ ಪೆನ್ಸಿಲ್‌ನಿಂದ ಕಂಸ, ಅದರ ಮುಂದೆ 4, 3, 6 ಎಂದು ಅಂಕಿ, ಕೆಲವಕ್ಕೆ ‘ಪುಣೆ’ ಎಂಬ ಗುರುತು. ಅಂಕಿ ಎಂದರೆ ಆ ಮನೆಯ ಓಟು. ‘ಪುಣೆ’ ಎಂದರೆ ದುಡಿಯಲು ಹೋದವರು, ಅವರಿಗೆ ಗಾಡಿ ಖರ್ಚು ಬೇರೆ. ದೊಡ್ಡ ಗಂಟು ಚುನಾವಣೆ ಘೋಷಣೆಗೂ ಮುಂಚೆಯೇ ಊರು ಸೇರಿರುತ್ತದೆ. ಕೊನೆಯ ಎರಡು ರಾತ್ರಿ ಸಣ್ಣ ಸಣ್ಣದಾಗಿ ಮನೆಗೆ ಮುಟ್ಟುತ್ತದೆ. ಕೆಲವು ಕಡೆ ಭಂಡಾರ (ದೇವರ ಅರಿಶಿನ ಪುಡಿ) ಮುಟ್ಟಿಸಿ ಆಣೆ ಹಾಕಿಸುವುದೂ ಉಂಟು. ದೇವರ ಹೆಸರಿನಲ್ಲಿ ಬಡವರನ್ನು ಹೆದರಿಸುವ ಇದು ನನಗೆ ರೊಕ್ಕಕ್ಕಿಂತ ಹೊಲಸು ಅನ್ನಿಸುತ್ತದೆ.

ಇಂಥಲ್ಲಿ ನೋಟಿಗಿಂತ ಹಾಳೆಯೇ ದೊಡ್ಡ ಸಾಕ್ಷಿ. ಆದರೆ ಅವಸರದಲ್ಲಿ ನೋಟು ಎಣಿಸಿ ಹಾಳೆ ಬಿಟ್ಟುಬಿಡುತ್ತಾರೆ. ನಾವು ಯಾದಿಯ ಭಾಗ ಸಂಖ್ಯೆ ಸಹಿತ ಪ್ರತಿ ಹಾಳೆಯನ್ನೂ ಪಂಚನಾಮೆಯಲ್ಲಿ ಬರೆದು, ಇಬ್ಬರು ಪಂಚರ ಸಹಿ ಪಡೆದು ಲಕೋಟೆಗೆ ಅರಗು ಹಾಕಿದೆವು. ಚಾ ಅಂಗಡಿಯಲ್ಲಿ ಕುಳಿತವರನ್ನು ಪಂಚರಾಗಿ ಕರೆದರೆ ವರ್ಷಗಳ ನಂತರ ಕೋರ್ಟಿನಲ್ಲಿ ‘ನನಗ ಗೊತ್ತಿಲ್ರಿ’ ಎನ್ನುವುದೇ ಹೆಚ್ಚು. ಅದಕ್ಕೆ ಸರ್ಕಾರಿ ನೌಕರರನ್ನೇ ಕರೆಸಿದ್ದೆವು.

ಆಮೇಲಿನ ತೊಡಕು ಕಾನೂನಿನದು. ಮತಕ್ಕೆ ಲಂಚ ಆಗ ಭಾರತೀಯ ದಂಡ ಸಂಹಿತೆಯ 171ಇ ಕಲಂ, ಶಿಕ್ಷೆ ಒಂದು ವರ್ಷದವರೆಗೆ. ಅದು ಅಸಂಜ್ಞೇಯ ಅಪರಾಧ, ಜಾಮೀನೂ ಸಲೀಸು. ನ್ಯಾಯಾಲಯದ ಅನುಮತಿ ಇಲ್ಲದೆ ಪೊಲೀಸರು ತನಿಖೆ ಆರಂಭಿಸುವಂತಿಲ್ಲ. ಅರ್ಜಿ ಹೋಯಿತು. ಕಾರಿನವರು ಅಂದೇ ಸಂಜೆ ಊರಿಗೆ ಹೋದರು. ಹಂಚಿಕೆಗೆ ಅವರ ಮುಂದೆ ಇನ್ನೂ ಎರಡು ರಾತ್ರಿ ಇದ್ದವು.