ಎರಡಿದ್ದರೇ ವಾಸಿ

ಅಮ್ಮನ ಸಿಟಿ ಸ್ಕ್ಯಾನಿನಲ್ಲಿ ಎರಡು ಗಡ್ಡೆ ಕಂಡವು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಎರಡೂವರೆ ಸೆಂಟಿಮೀಟರಿನದು, ಎಡಗಡೆ ಅದಕ್ಕಿಂತ ಚಿಕ್ಕದು. ಅಮ್ಮ ಬೀಡಿ ಸಿಗರೇಟು ಮುಟ್ಟಿದವಳಲ್ಲ. ಸೌದೆ ಒಲೆ ಮುಂದೆ ಮಾತ್ರ ಅರ್ಧ ಆಯಸ್ಸು ಕಳೆದಿದ್ದಾಳೆ. ಮೊದಲು ಟಿಬಿ ಇರಬಹುದು ಅಂದರು. ಕಫದಲ್ಲಿ ಏನೂ ಸಿಗಲಿಲ್ಲ. ಬಲಗಡೆಯ ಬಯಾಪ್ಸಿ ಅಡಿನೋಕಾರ್ಸಿನೋಮ, ಅಂದರೆ ಒಂದು ಬಗೆಯ ಕ್ಯಾನ್ಸರ್, ಅಂತ ಬಂತು.

ಎರಡೂ ಕಡೆ ಇದೆ ಅಂದಮೇಲೆ ಹರಡಿದೆ, ನಾಲ್ಕನೇ ಹಂತ, ಆಪರೇಷನ್ ಆಗಲ್ಲ. ಮನೆಯಲ್ಲಿ ಹಾಗೇ ಮಾತಾಯಿತು. ಡಾಕ್ಟರು ಒಪ್ಪಲಿಲ್ಲ. "ಒಂದರಿಂದ ಇನ್ನೊಂದು ಬಂದಿದ್ದೋ, ಎರಡೂ ತಾವಾಗೇ ಹುಟ್ಟಿದ್ದೋ, ಮೊದಲು ಅದು ಗೊತ್ತಾಗ್ಲಿ" ಅಂದರು. ಬೇರೆ ಬೇರೆ ಆಗಿದ್ದರೆ ಒಂದೊಂದಕ್ಕೂ ಪ್ರತ್ಯೇಕ ಹಂತ ಲೆಕ್ಕ ಹಾಕುತ್ತಾರೆ. ಆಗ ಅಮ್ಮನವು ಎರಡೂ ಮೊದಲ ಹಂತದವು.

ಪೆಟ್ ಸ್ಕ್ಯಾನಿನಲ್ಲಿ ಬೇರೆಲ್ಲೂ ಏನೂ ಇರಲಿಲ್ಲ. ಮೆದುಳಿನ ಎಂಆರ್‌ಐ ಕೂಡ ಸರಿಯಿತ್ತು. ಡಾಕ್ಟರು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದರು. ಬಲಗಡೆಯದು ಗಟ್ಟಿ ಬಿಳಿ. ಎಡಗಡೆಯದು ಮಸುಕು, ಅದರೊಳಗೆ ರಕ್ತನಾಳದ ಗೆರೆ ಕಾಣುತ್ತಿತ್ತು. ಹರಡಿ ಬಂದಿದ್ದು ಸಾಮಾನ್ಯವಾಗಿ ಹೀಗಿರಲ್ಲವಂತೆ. ಆದರೂ ಸೂಜಿ ಹಾಕಿ ತುಣುಕು ತೆಗೆದರು. ಅದೂ ಅಡಿನೋಕಾರ್ಸಿನೋಮವೇ! ಒಂದೇ ಬಗೆ ಅಂದಮೇಲೆ ಒಂದೋ ಎರಡೋ ತಿಳಿಯಲಿಲ್ಲ. 1975ರಲ್ಲಿ ಮಾರ್ಟಿನಿ, ಮೆಲಮೆಡ್ ಅನ್ನುವವರು ಕೊಟ್ಟ ಲಕ್ಷಣಗಳನ್ನು ನೋಡಿ ತೀರ್ಮಾನಿಸುತ್ತಿದ್ದ ಕಾಲ ಇತ್ತಂತೆ. ಈಗ ಜೀನ್ ಪರೀಕ್ಷೆ ಇದೆ. ಎರಡು ತುಣುಕೂ ಅದಕ್ಕೆ ಹೋದವು. ಎರಡು ಕ್ಯಾನ್ಸರ್ ಇರಲಪ್ಪಾ ಅಂತ ದೇವರಿಗೆ ಕೈಮುಗಿದವರು ಎಷ್ಟು ಜನ ಇರಬಹುದು?

ಇಜಿಎಫ್‌ಆರ್ ಅನ್ನುವ ಜೀನಿನಲ್ಲಿ ಬಲಗಡೆಯದಕ್ಕೆ ಎಕ್ಸಾನ್ 19ರಲ್ಲಿ (ಎಕ್ಸಾನ್ ಅಂದರೆ ಜೀನಿನ ಒಂದು ತುಂಡು) ಬದಲಾವಣೆ, ಎಡಗಡೆಯದಕ್ಕೆ 21ರಲ್ಲಿ. ಅಂದರೆ ಎರಡೂ ಬೇರೆ ಬೇರೆ, ತಾವಾಗೇ ಹುಟ್ಟಿದವು. ಚಿಕ್ಕಮ್ಮನಿಗೆ ಫೋನ್ ಮಾಡಿದರೆ, "ಎರಡೆರಡು ಅಂತೀಯ, ನಗ್ತಾ ಹೇಳ್ತೀಯಲ್ಲೇ!" ಅಂತ ಬೈದರು.

ಆಪರೇಷನ್ನಿಗೆ ಮುಂಚೆ ಉಸಿರಿನ ಪರೀಕ್ಷೆ. ಮೂಗಿಗೆ ಕ್ಲಿಪ್, ಬಾಯಲ್ಲಿ ಕೊಳವೆ. ಟೆಕ್ನಿಶಿಯನ್ ಹುಡುಗ "ಊದಿ, ಊದಿ, ಇನ್ನೂ ಊದಿ" ಅಂತ ಕೂಗುತ್ತಿದ್ದ. ಕೊಳವೆ ತೆಗೆದಿದ್ದೇ, "ಒಲೆ ಊದಿದ ಬಾಯಿ ಕಣಪ್ಪ ಇದು" ಅಂದಳು ಅಮ್ಮ. ನಂಬರು ಮಾತ್ರ ಸುಮಾರಾಗಿ ಬಂತು. ಎರಡೂ ಕಡೆ ಕತ್ತರಿಸಿದರೆ ಉಸಿರು ಸಾಲುವುದಿಲ್ಲ. ಹಾಗಾಗಿ ಬಲ ಶ್ವಾಸಕೋಶದ ಮೇಲಿನ ಹಾಲೆಯನ್ನು, ಅಂದರೆ ಮೇಲಿನ ಭಾಗವನ್ನು, ಕೀಹೋಲ್ ಆಪರೇಷನ್ನಿನಲ್ಲಿ ತೆಗೆದರು. ಚೇತರಿಸಿಕೊಂಡ ಮೇಲೆ ಎಡಕ್ಕೆ ಎಸ್‌ಬಿಆರ್‌ಟಿ, ಅಂದರೆ ಗಡ್ಡೆಗೇ ಗುರಿಯಿಟ್ಟು ಜಾಸ್ತಿ ಪ್ರಮಾಣದಲ್ಲಿ ಕೊಡುವ ರೇಡಿಯೇಷನ್. ಐದು ಸಲಕ್ಕೆ ಮುಗಿಯಿತು. ಆಪರೇಷನ್ನಿನಲ್ಲಿ ತೆಗೆದ ಲಿಂಫ್ ಗ್ರಂಥಿಗಳಲ್ಲಿ ಕ್ಯಾನ್ಸರ್ ಸಿಗಲಿಲ್ಲ, ಕೀಮೋ ಬೇಡ ಅಂದರು.

ಈಗ ಆರು ತಿಂಗಳಿಗೊಮ್ಮೆ ಸಿಟಿ. ರೇಡಿಯೇಷನ್ ಬಿದ್ದ ಜಾಗದ ಕಲೆ ಪ್ರತಿ ಸಲ ಹೊಸದೇನೋ ಎಂಬಂತೆ ರಿಪೋರ್ಟಿನಲ್ಲಿ ಬರುತ್ತದೆ. ಡಾಕ್ಟರು ಹಳೆಯದರ ಪಕ್ಕ ಇಟ್ಟು ನೋಡಿ "ಕಲೆ ಅಷ್ಟೇ" ಅನ್ನಬೇಕು. ಅದಕ್ಕೇ ಹಳೇ ಸಿಡಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡೇ ಹೊರಡುತ್ತೇವೆ.