ಮಿನಿಕಾಯ್‌ನಲ್ಲಿ ಒಂದು ಹಗಲು

ಕೊಚ್ಚಿಯಿಂದ ಹೊರಟ ನಮ್ಮ ಹಡಗು ಇವತ್ತು ಮಿನಿಕಾಯ್‌ಗೆ ಬಂತು. ಲಕ್ಷದ್ವೀಪದ ದಕ್ಷಿಣದ ತುದಿ ಇದು. ಬೇರೆ ದ್ವೀಪಗಳಲ್ಲಿ ಮಲಯಾಳಂ ಮಾತು, ಇಲ್ಲಿ ಮಹಲ್. ಮಾಲ್ಡೀವ್ಸ್ ಭಾಷೆಯ ಒಂದು ರೂಪ ಅದು.

1885ರ ಲೈಟ್‌ಹೌಸ್ ಹತ್ತಿ ಎಲ್ಲರೂ ಫೋಟೊ ತೆಗೆದೆವು. ಚೆನ್ನಾಗಿತ್ತು. ಆದರೆ ನನಗೆ ಜಾಸ್ತಿ ಹಿಡಿಸಿದ್ದು ಮೀನು ಒಣಗಿಸುವ ಜಾಗ. ಟ್ಯೂನಾವನ್ನು ಬೇಯಿಸಿ, ಹೊಗೆ ಹಾಕಿ, ಬಿಸಿಲಿಗೆ ಒಣಗಿಸುತ್ತಾರೆ. ಒಬ್ಬರು ಅಜ್ಜಿ ಒಂದು ತುಂಡು ಕೈಗಿಟ್ಟರು. ಕಟ್ಟಿಗೆಯಷ್ಟು ಗಟ್ಟಿ! ಚೂರಿಯಲ್ಲಿ ಹೆರೆದು ಕೊಟ್ಟರು. ಬಾಯಲ್ಲಿ ನೆನೆದ ಮೇಲೆ ಹೊಗೆಯ ರುಚಿ ನಿಧಾನಕ್ಕೆ ಬಿಟ್ಟುಕೊಂಡಿತು. ಈ ಟ್ಯೂನಾ ಹಿಡಿಯುವುದು ಗಾಳದ ಕೋಲಿನಲ್ಲಿ, ಒಂದೊಂದಾಗಿ. ಜೀವಂತ ಸಣ್ಣ ಮೀನು ಎರಚಿ ಟ್ಯೂನಾವನ್ನು ದೋಣಿಯ ಹತ್ತಿರ ಕರೆಯುತ್ತಾರಂತೆ.

ಅಜ್ಜಿಯ ಮಗ ಹಡಗಿನಲ್ಲಿ ಕೆಲಸಕ್ಕಿದ್ದಾರೆ, ತಿಂಗಳುಗಟ್ಟಲೆ ಮನೆಗೆ ಬರುವುದಿಲ್ಲ ಎಂದು ಗೈಡ್ ಹೇಳಿದರು. ಇಲ್ಲಿನ ಎಷ್ಟೋ ಗಂಡಸರು ಹೀಗೆಯೇ ನಾವಿಕರು. ನಮಗೆ ಹಡಗು ಅಂದರೆ ರಜೆ, ಈ ಮನೆಗಳಿಗೆ ಅದೇ ಅನ್ನ, ಅದೇ ಕಾಯುವಿಕೆ ಅಲ್ವಾ ಅನ್ನಿಸಿತು.

ಮಿನಿಕಾಯ್‌ಗೆ ಬರುವವರು ಬೀಚಲ್ಲೇ ಕೂರಬೇಡಿ. ಗೈಡ್ ಜೊತೆ ಊರೊಳಗೂ ಒಂದು ಸುತ್ತು ನಡೆಯಿರಿ. ಯಾರಾದರೂ ಮೀನು ಕೊಟ್ಟರೆ ಖಂಡಿತ ತಿನ್ನಿ.